ನರಕದ ಗೋಡೆಗೆ ಸುಣ್ಣ ಹೊತ್ತವಳು

ಪ್ರಿನಾರಿಯಲ್ಲಿ ಕೆರಾನಾ ಎಂದರೆ ಯಾವ ಕೆರಾನಾ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಹೆಸರಿನವರು ಊರಲ್ಲಿ ಇನ್ನೂ ಇದ್ದರು, ಆದರೆ ಅವರೆಲ್ಲ ಯಾರದೋ ಹೆಂಡತಿ, ಯಾರದೋ ಮಗಳು. ಇವಳೊಬ್ಬಳು ಮಾತ್ರ ಸುಣ್ಣದ ಕೆರಾನಾ. ಕ್ರೀಟ್ ದ್ವೀಪದ ಪಡುವಣ ಬೆಟ್ಟಗಳಲ್ಲಿ ನಮ್ಮ ಊರು; ವೆನಿಸ್‌ನವರು ನಮ್ಮನ್ನು ಆಳುತ್ತಿದ್ದ ಕಾಲ ಅದು. ಅವಳ ಗಂಡ ಮನೋಲಿಯನ್ನು ಹಡಗಿನಲ್ಲಿ ಹುಟ್ಟು ಹಾಕಲು ಹಿಡಿದುಕೊಂಡು ಹೋದರು, ಹೋದವನು ತಿರುಗಿ ಬರಲಿಲ್ಲ. ಅವನು ಬಿಟ್ಟುಹೋದದ್ದು ಒಂದು ಸುಣ್ಣದ ಗೂಡು, ಒಬ್ಬ ಮುದಿ ತಾಯಿ, ಹೆಂಡತಿಯ ಹೊಟ್ಟೆಯಲ್ಲೊಂದು ಕೂಸು. ಕೆರಾನಾ ಅಳಲಿಲ್ಲ ಎಂದರೆ ಸುಳ್ಳಾದೀತು. ಅತ್ತಳು, ಆದರೆ ಗೂಡಿಗೆ ಸೌದೆ ತುರುಕುತ್ತಲೇ ಅತ್ತಳು.

ಮೊದಲ ವರ್ಷವೇ ಸುಟ್ಟ ಕಲ್ಲಿಗೆ ನೀರೆರೆದು ಸುಣ್ಣ ಅರಳಿಸುವಾಗ ಗುಂಡಿ ಕುದಿದು ಸಿಡಿಯಿತು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂದುಹೋಯಿತು. ಗಾಯವೇನೋ ಮಾಯಿತು, ಚರ್ಮದ ಬಣ್ಣ ಮಾತ್ರ ಮರಳಲಿಲ್ಲ. ಬಿಸಿಲಿಗೆ ಕಂದಿದ ಮೈಯಲ್ಲಿ ಆ ಒಂದು ತೋಳು ಬೆಳ್ಳಗೆ ಹೊಳೆಯುತ್ತಿತ್ತು. ಎದುರು ಗುಡ್ಡದ ಮೇಲಿನ ಕುರುಬರು ಕೂಡ ತೋಳು ನೋಡಿಯೇ ಅವಳನ್ನು ಗುರುತಿಸುತ್ತಿದ್ದರು.

ಅದಾಗಿ ಆರೇಳು ವರ್ಷದ ಮೇಲೆ, ಈಸ್ಟರ್ ಕಳೆದಾಗ, ನಮ್ಮ ಇಗರ್ಜಿಯ ಒಳಗೋಡೆಗಳಿಗೆ ಚಿತ್ರ ಬರೆಯಲು ನಿಕಿತಾಸ್ ಎಂಬ ಚಿತ್ರಗಾರ ಬಂದ. ಅಜ್ಜಂದಿರ ಕಾಲದಿಂದ ಬೋಳಾಗಿದ್ದ ಗೋಡೆಗಳು. ಊರಿನವರು ಎಣ್ಣೆ ಕೊಟ್ಟರು, ವೈನು ಕೊಟ್ಟರು, ಕುರಿ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಕೊಟ್ಟವನು ಮೇಲುಕೇರಿಯ ಫೋಕಾಸ್. ಕೆರಾನಾ ಸುಣ್ಣ ಕೊಟ್ಟಳು. ಗುಂಡಿಯಲ್ಲಿ ವರ್ಷಗಟ್ಟಲೆ ನೆನೆದು ಬೆಣ್ಣೆಯಾಗಿದ್ದ ಸುಣ್ಣ ಸುತ್ತಮುತ್ತ ಅವಳೊಬ್ಬಳ ಹತ್ತಿರ ಇತ್ತು.

ಮಾತು ಅವಳ ಕಿವಿಗೆ ಬಿದ್ದದ್ದು ಊರ ಚಿಲುಮೆಯ ಹತ್ತಿರ. ಬುಟ್ಟಿ ಹೆಣೆಯುವ ಮರೂಲಾ ಬಿಂದಿಗೆಯನ್ನು ಸೊಂಟಕ್ಕಿಟ್ಟು ನಿಂತಿದ್ದಳು. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

"ಏನೇ ಕೆರಾನಾ, ಗೋಡೆಗೆ ಸುಣ್ಣ ಹೊರೋದೂ ನೀನೇ, ಗೋಡೆ ಮೇಲೆ ಹೋಗಿ ನಿಲ್ಲೋದೂ ನೀನೇನಂತೆ?"

"ಏನಂದೆ?"

"ಅಯ್ಯೋ, ನಾನಂದೆ ಅನ್ಬೇಡ ತಾಯಿ, ಊರೇ ಅಂತಿದೆ. ಪಡುವಣ ಗೋಡೆಲಿ ನರಕ ಬರೀತಾನಂತಲ್ಲ. ಅದ್ರಲ್ಲಿ ಕೂಸಿಗೆ ಹಾಲು ಕೊಡದೆ ಮುಖ ತಿರುಗಿಸಿದೋಳು ಒಬ್ಬಳು ಇರ್ತಾಳಲ್ಲ, ಎರಡು ಮೊಲೆಗೂ ಹಾವು ಕಚ್ಕೊಂಡಿರುತ್ತಲ್ಲ? ಅವಳ ಬಲಗೈಗೆ ಬಿಳೀ ಬಳಿ ಅಂತ ಫೋಕಾಸಣ್ಣ ಹೇಳಿದಾನಂತೆ."

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಕೆರಾನಾಳ ಬಿಂದಿಗೆ ತುಂಬಿ ಉಕ್ಕುತ್ತಿತ್ತು. ಅವಳು ಅದನ್ನೆತ್ತಿ ಹೆಗಲಿಗಿಟ್ಟುಕೊಂಡಳು.

"ನೀನು ನರಕಕ್ಕೆ ಹೋದ್ರೆ ಆ ಗೋಡೆ ಸಾಲಲ್ಲ ಮರೂಲಾ. ಬಾಯಿ ಬರಿಯೋಕೆ ಇನ್ನೊಂದು ಗೋಡೆ ಬೇಕಾಗುತ್ತೆ," ಎಂದು ನಡೆದಳು. ಹಿಂದೆ ನಗೆ ಜೋರಾಯಿತು. ಈ ಸಲ ನಗೆ ಮರೂಲಾಳ ಮೇಲೆ ತಿರುಗಿತ್ತು, ಆದರೆ ಕೆರಾನಾ ಮನೆ ಮುಟ್ಟುವವರೆಗೆ ಹಿಂತಿರುಗಿ ನೋಡಲಿಲ್ಲ.

ತನಗಾಗಿ ಹೆದರುವವಳಾಗಿದ್ದರೆ ಅವಳು ಎಂದೋ ಹೆದರಿ ಸತ್ತಿರುತ್ತಿದ್ದಳು. ಅವಳಿಗೆ ಹೆದರಿಕೆ ಹುಟ್ಟಿದ್ದು ಮಗಳು ಅನೂಸಾಳ ಸಲುವಾಗಿ. ನರಕದ ಚೌಕಗಳನ್ನು ಗೋಡೆಯ ಕೆಳಗಡೆ ಬರೆಯುತ್ತಾರೆ, ಮಕ್ಕಳ ಕೈಗೆ ಎಟುಕುವಲ್ಲಿ. ಅಲ್ಲಿರುವವರು ಬತ್ತಲೆ ನಿಂತ ಪಾಪಿಗಳು, ಅವರಿಗೆ ಹೆಸರಿಲ್ಲ. ಹುಡುಗರು ಮೊಳೆ ತೆಗೆದುಕೊಂಡು ಅವರ ಕಣ್ಣು ಕೆರೆಯುತ್ತಾರೆ, ದೊಡ್ಡವರು ನೋಡಿಯೂ ಸುಮ್ಮನಿರುತ್ತಾರೆ. ಪಕ್ಕದ ಊರಿನ ಇಗರ್ಜಿಯಲ್ಲಿ ತೂಕದಲ್ಲಿ ಮೋಸ ಮಾಡಿದ ಗಿರಣಿಯವನೊಬ್ಬನಿದ್ದಾನೆ. ಅವನಿಗೆ ಯಾರೋ ಒಂದು ಸೊಟ್ಟ ಮೂಗು ಬರೆಸಿದರು. ಆ ಸೊಟ್ಟ ಮೂಗಿನ ಗಿರಣಿಯವನು ಸತ್ತ, ಮಗನೂ ಸತ್ತ, ಮೊಮ್ಮಗನಿಗೆ ಇವತ್ತಿಗೂ ಹೆಣ್ಣು ಕೊಡುವವರಿಲ್ಲ. ಮನುಷ್ಯರು ಮರೆತುಬಿಡುತ್ತಾರೆ, ಗೋಡೆಗೆ ಮರೆವಿಲ್ಲ. ಅನೂಸಾಗೆ ಆಗ ಹಲ್ಲು ಬೀಳುವ ವಯಸ್ಸು.

ಇನ್ನು ಆ ಸಂಜೆಯ ಮಾತು. ಅದನ್ನೂ ಹೇಳಿಬಿಡಬೇಕು.

ಅನೂಸಾ ಹುಟ್ಟಿ ಎರಡು ವಾರವೂ ಆಗಿರಲಿಲ್ಲ. ನಮ್ಮಲ್ಲಿ ನಲವತ್ತು ದಿನ ತುಂಬುವವರೆಗೆ ಬಾಣಂತಿಯ ಮನೆಯ ಬಾಗಿಲನ್ನು ಹೊತ್ತು ಮುಳುಗಿದ ಮೇಲೆ ತೆರೆಯುವುದಿಲ್ಲ. ಗೆಲ್ಲೊ ಎಂಬ ಪೀಡೆ ಕತ್ತಲಿನ ಬೆನ್ನಿಗೇ ಬರುತ್ತದೆ. ಗೊತ್ತಿದ್ದವರ ದನಿಯಲ್ಲಿ ಕರೆಯುತ್ತದೆ, ಎಳೆಕೂಸಿನ ದನಿಯಲ್ಲಿ ಅಳುತ್ತದೆ, ಅಗುಳಿ ತೆಗೆದರೆ ಒಳಗೆ ನುಗ್ಗಿ ತೊಟ್ಟಿಲಲ್ಲಿದ್ದ ಮಗುವನ್ನು ಹೀರಿಬಿಡುತ್ತದೆ. ಆ ಸಂಜೆ ಬೆಟ್ಟದಾಚೆ ಸೂರ್ಯ ಇಳಿದು, ಅತ್ತೆ ಸ್ತಮಾತಾ ಅಗುಳಿ ಹಾಕಿ ಕೂತಿದ್ದಳಷ್ಟೆ, ಬಾಗಿಲು ಬಡಿದ ಸದ್ದಾಯಿತು.

"ಅತ್ತೇ, ನಾನು ಫೋಕಾಸ. ಹೆಂಡ್ತಿ ಹೋಗ್ಬಿಟ್ಲು. ಕೂಸು ಹಸಿದಿದೆ. ಬಾಗ್ಲು ತೆಗೀರಿ."

"ಬಾಣಂತಿ ಮನೆ ಇದು, ಹೊತ್ತು ಮುಳುಗಿದೆ. ಬೆಳಿಗ್ಗೆ ಬಾ," ಎಂದಳು ಸ್ತಮಾತಾ. ಸೊಸೆಯ ಕಡೆ ತಿರುಗಿ, "ಅದು ಫೋಕಾಸ ಅಲ್ಲ ಕಣೇ, ಅಳೋದು ಕೂಸೂ ಅಲ್ಲ. ಕಿವಿ ಮುಚ್ಕೋ," ಎಂದು ಪಿಸುಗುಟ್ಟಿದಳು.

ಕೆರಾನಾ ಕಿವಿ ಮುಚ್ಚಿಕೊಂಡಳು. ಕಿವಿಗೆ ಮೋಸ ಮಾಡಬಹುದಿತ್ತು, ಎದೆಗೆ ಆಗಲಿಲ್ಲ. ಆಚೆ ಕೂಸು ಅತ್ತಾಗಲೆಲ್ಲ ಇವಳ ಹಾಲು ತಾನೇ ಇಳಿದು ಅಂಗಿ ತೊಯ್ಯಿಸಿ ಹೊಟ್ಟೆಯ ಮೇಲೆ ಹರಿಯಿತು. ಪೀಡೆಯ ಅಳುವಿಗೆ ಹಾಲು ಇಳಿಯುತ್ತದೆಯೇ? ಅದು ಹಸಿದ ಕೂಸೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಏಳಲಿಲ್ಲ. ಬೆಳಗಾಗುವ ಮೊದಲೇ ಫೋಕಾಸನ ಕೂಸು ತಣ್ಣಗಾಯಿತು.

ಊರಿನಲ್ಲಿ ಒಬ್ಬರೂ ಸ್ತಮಾತಾಳನ್ನು ದೂರಲಿಲ್ಲ. ಮುದುಕಿ, ಕಟ್ಟಳೆ ಕಾದಳು ಎಂದರು. ಹಾಲಿದ್ದವಳು ಕೆರಾನಾ ಆದ್ದರಿಂದ ಪಾಪವೂ ಅವಳದೇ ಆಯಿತು. ಆ ಸಂಜೆ ತಾವಾಗಿದ್ದರೆ ಅಗುಳಿ ತೆಗೆಯುತ್ತಿದ್ದೆವೆಂದು ಎದೆ ಮುಟ್ಟಿ ಹೇಳುವ ಹೆಂಗಸು ಆ ಕೇರಿಯಲ್ಲಿ ಒಬ್ಬಳೂ ಇರಲಿಲ್ಲ. ಆದರೂ ಬೆರಳು ತೋರಿಸುವುದಕ್ಕೆ ಎಲ್ಲರೂ ಇದ್ದರು.

ಚಿಲುಮೆಯ ಮಾತು ಕೇಳಿದ ದಿನ ಸ್ತಮಾತಾ ಹಲ್ಲಿಲ್ಲದ ಬಾಯಿಗೆ ಒಣ ಬಾರ್ಲಿ ರೊಟ್ಟಿಯನ್ನು ನೀರಲ್ಲಿ ಅದ್ದಿಕೊಳ್ಳುತ್ತ ಕೂತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ಕೇಳಿ ರೊಟ್ಟಿ ಕೆಳಗಿಟ್ಟಳು.

"ಗುಂಡಿ ಮುಚ್ಚಿಬಿಡು. ಒಂದು ಬುಟ್ಟಿ ಸುಣ್ಣನೂ ಕೊಡ್ಬೇಡ. ಅದೇನು ಬರೀತಾರೋ ಅವರವರ ಬೋಳು ತಲೆ ಮೇಲೆ ಬರ್ಕೊಳ್ಳಲಿ."

"ಆಗಲ್ಲ ಅತ್ತೆ."

"ಯಾಕಾಗಲ್ಲ? ನಿನ್ನ ಸುಣ್ಣ, ನಿನ್ನ ಗುಂಡಿ."

"ಒಂದು ಸಲ ಕೊಡೋದಿತ್ತು, ಕೊಡ್ಲಿಲ್ಲ. ಈಗ ದೇವ್ರ ಗೋಡೆಗೂ ಇಲ್ಲ ಅಂದ್ರೆ ಅವರು ಹೇಳೋದೆಲ್ಲ ನಿಜಾನೇ ಆಗುತ್ತೆ. ಸುಣ್ಣ ಕೊಡ್ತೀನಿ. ತೋಳು ಕೊಡಲ್ಲ."

ಮುದುಕಿ ಮತ್ತೆ ರೊಟ್ಟಿ ಎತ್ತಿಕೊಂಡು ನೀರಲ್ಲಿ ಅದ್ದಿದಳು. ಆಮೇಲೆ, "ಅಗುಳಿ ಹಾಕಿದ್ದು ನನ್ನ ಕೈ ಕಣೇ, ಬೇಕಿದ್ರೆ ಇಗರ್ಜಿಲಿ ನಿಂತು ಹೇಳ್ತೀನಿ," ಎಂದಳು.

"ನೀವು ಹಾಕಿದ್ರಿ. ನಾನು ತೆಗೀಬಹುದಿತ್ತು," ಎಂದಳು ಕೆರಾನಾ. ಆ ವಿಚಾರವನ್ನು ಅತ್ತೆ ಸೊಸೆ ಮತ್ತೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಸುಣ್ಣದ ಬುಟ್ಟಿ ಹೊತ್ತು ಇಗರ್ಜಿಗೆ ಹೋದಳು. ನಿಕಿತಾಸ್ ಅಟ್ಟಣಿಗೆಯ ಮೇಲೆ ಮಲಗಿದಂತೆ ಒರಗಿ ಚಾವಣಿಯ ಗಾರೆಗೆ ಕರಣೆ ಎಳೆಯುತ್ತಿದ್ದ. ಗಡ್ಡಕ್ಕೆಲ್ಲ ಬಣ್ಣ ಮೆತ್ತಿಕೊಂಡ, ಊರೂರು ತಿರುಗಿ ಬೆನ್ನು ಬಗ್ಗಿದ ಮನುಷ್ಯ. ಕೆರಾನಾ ಬುಟ್ಟಿ ಇಳಿಸಿ, ಅಂಗಿಯ ತೋಳು ಮಡಚಿ, ಬಿಳಿಯ ತೋಳನ್ನು ಅವನ ಕಣ್ಣಿಗೆ ಬೀಳುವಂತೆ ಎತ್ತಿ ಹಿಡಿದಳು.

"ನೋಡ್ಕೋ ಅಣ್ಣಾ, ಹತ್ತಿರದಿಂದ. ಬರಿಯೋನು ಸರಿಯಾಗಿ ಬರೀಬೇಕಲ್ಲ."

ಅವನು ಕೆಳಗೆ ನೋಡಿದ. "ಓ, ನೀನೇನಾ," ಎಂದ. ದನಿಯಲ್ಲಿ ಕೊಂಕಿರಲಿಲ್ಲ, ಆಯಾಸವಿತ್ತು. ಏಣಿ ಇಳಿದು ಬಂದು ಕೈ ಒರೆಸಿಕೊಂಡ. "ಕೇಳು ತಂಗಿ. ಅವಳನ್ನ ಎಷ್ಟು ಊರಲ್ಲಿ ಬರ್ದಿದೀನೋ ಲೆಕ್ಕ ಇಲ್ಲ. ಪ್ರತಿ ಊರಲ್ಲೂ ಯಾರೋ ಒಬ್ಬರು ರಾತ್ರಿಯೋ ಹಗಲೋ ಬಂದು ಕಿವೀಲಿ ಹೇಳ್ತಾರೆ, ಮಚ್ಚೆ ಇಲ್ಲಿ ಹಾಕು, ಕೂದಲು ಹಂಗೆ ಬರಿ ಅಂತ. ಹಾಕ್ತೀನಿ. ಅವರ ಊರು, ಅವರ ಗೋಡೆ."

"ಆ ಹೆಂಗಸರಲ್ಲಿ ಯಾರಾದ್ರೂ ನಿನ್ನ ಹತ್ರ ಬಂದಿದ್ರಾ?"

"ಇಲ್ಲ. ನೀನೇ ಮೊದಲು."

"ಹಾಗಾದ್ರೆ ನನ್ನ ಮಾತೂ ಕೇಳು. ನನಗೊಂದು ಮಗಳಿದಾಳೆ."

ನಿಕಿತಾಸ್ ಗಡ್ಡ ಕೆರೆದುಕೊಂಡ. "ಬರಿ ಅಂದೋನು ಬೇಡ ಅಂದ್ರೆ ನಾನು ಬಿಡ್ತೀನಿ. ನಾನಾಗೇ ಬಿಟ್ರೆ ಇಡೀ ಮೇಲುಕೇರಿ ನನ್ನ ಏಣಿ ಎಳೆಯುತ್ತೆ. ಆದ್ರೆ ಒಂದು ಮಾತು, ನಾವು ಬರೆಯೋದು ಮೇಲಿಂದ ಕೆಳಕ್ಕೆ. ಸ್ವರ್ಗ ಮೊದಲು, ನರಕ ಕೊನೇಲಿ. ದ್ರಾಕ್ಷಿ ಬಣ್ಣ ತಿರುಗೋವರೆಗೆ ನಿನಗೆ ಸಮಯ ಇದೆ."

ಪಾದ್ರಿಯ ಹತ್ತಿರವೂ ಹೋದಳು. ಪಾದ್ರಿ ಒಳ್ಳೆಯವನೇ, ಆದರೆ ಫೋಕಾಸನ ವೈನು ಕುಡಿಯುವವನು. "ಅಲ್ಲಿ ಯಾರ ಹೆಸರನ್ನೂ ಬರೆಯೋದಿಲ್ಲಮ್ಮಾ, ಪಾಪದ ಹೆಸರು ಮಾತ್ರ," ಎಂದ. "ಓದೋಕೆ ಬರೋದು ನಿಮಗೊಬ್ಬರಿಗೆ ಸ್ವಾಮಿ. ತೋಳು ನೋಡೋಕೆ ಎಲ್ಲರಿಗೂ ಬರುತ್ತೆ," ಎಂದು ಹೇಳಿ ಅವಳು ಎದ್ದು ಬಂದಳು.

ಬೇಸಿಗೆಯಿಡೀ ಅವಳು ಸುಣ್ಣ ಹೊತ್ತಳು. ಒಂದು ದಿನ ತಪ್ಪಿಸಲಿಲ್ಲ, ನೀರು ಹೆಚ್ಚು ಮಾಡಲಿಲ್ಲ, ಹುಲ್ಲು ಕತ್ತರಿಸಿ ಬೆರೆಸಿದ ಗಾರೆಯಲ್ಲಿ ಒಂದು ಗಂಟು ಬಿಡಲಿಲ್ಲ. ಅವಳ ಸುಣ್ಣದ ಮೇಲೆ ದೇವದೂತರು ಬಂದರು, ಸಂತರು ಕುದುರೆ ಏರಿ ಬಂದರು, ಸ್ವರ್ಗದ ತೋಟದಲ್ಲಿ ಅಬ್ರಹಾಮಜ್ಜ ಮಡಿಲ ತುಂಬ ಪುಟ್ಟ ಪುಟ್ಟ ಆತ್ಮಗಳನ್ನು ಕೂರಿಸಿಕೊಂಡು ಕೂತ. ಅವನ ಮಡಿಲಲ್ಲಿದ್ದ ಕೂಸುಗಳನ್ನು ಕೆರಾನಾ ದಿನಾ ನೋಡುತ್ತಿದ್ದಳು. ಅವುಗಳಲ್ಲಿ ಒಂದಕ್ಕೆ ತನ್ನ ಗುರುತು ಹತ್ತೀತು ಅನ್ನಿಸಿ ಕಣ್ಣು ತಗ್ಗಿಸುತ್ತಿದ್ದಳು.

ಒಂದು ಬೆಳಿಗ್ಗೆ ನಿಕಿತಾಸ್ ಪಡುವಣ ಗೋಡೆಯ ಕೆಳಭಾಗದಲ್ಲಿ ಕೆಮ್ಮಣ್ಣಿನಿಂದ ಗೆರೆ ಎಳೆದು ಚೌಕ ಹಾಕುತ್ತಿದ್ದ. ಹಾವಿನ ಹೆಂಗಸಿನ ಚೌಕಕ್ಕೆ ಅಂಟಿಕೊಂಡು ಇನ್ನೊಂದಿತ್ತು. ಒಬ್ಬ ಗಂಡಸು, ನೇಗಿಲಿನ ಗುಳ ಬೆನ್ನಿಗೆ ನಾಟಿಕೊಂಡು ಬೋರಲು ಬಿದ್ದಿದ್ದ.

"ಇವನ್ಯಾರು?" ಎಂದು ಕೇಳಿದಳು.

"ಗಡಿ ತಿಂದೋನು. ಪಕ್ಕದೋರ ಹೊಲಕ್ಕೆ ನೇಗಿಲು ನುಗ್ಗಿಸಿದೋನು. ಇವನಿಲ್ಲದ ಊರೇ ಇಲ್ಲ."

"ಇವನಿಗೆ ಯಾವ ಗುರುತು?"

"ಇವನಿಗೆ ಗುರುತು ಬೇಕು ಅಂತ ಯಾರೂ ಕೇಳಿಲ್ಲ."

ಕೆರಾನಾ ಬುಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು. ಫೋಕಾಸ್ ತನ್ನ ತಂಗಿ ಪೊಥಿತಿಯ ಹೊಲದೊಳಕ್ಕೆ ಎರಡು ಸಾಲು ಉತ್ತದ್ದು ಊರಿಗೆಲ್ಲ ಗೊತ್ತಿದ್ದ ಹಳೆಯ ಜಗಳ. ಅವನ ಹೆಂಡತಿ ಸಾಯುವ ಕೆಲವೇ ತಿಂಗಳ ಮುಂಚಿನದು. ಅಣ್ಣ ತಂಗಿ ಅಂದಿನಿಂದ ಮಾತು ಬಿಟ್ಟಿದ್ದರು. ಪೊಥಿತಿಯ ಮನೆ ಫೋಕಾಸನ ಮನೆಯ ಪಕ್ಕದ್ದೇ. ಆಗ ಅವಳ ಮಗನಿಗೆ ಒಂದು ವರ್ಷ ದಾಟಿತ್ತು, ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವಳದು ಬಾಣಂತಿಯ ಬಾಗಿಲಲ್ಲ, ಯಾವ ಹೊತ್ತಿನಲ್ಲಾದರೂ ತೆರೆಯಬಹುದಾದ ಬಾಗಿಲು. ಹಸಿದ ಕೂಸನ್ನೆತ್ತಿಕೊಂಡ ಫೋಕಾಸ್ ಆ ಬಾಗಿಲು ದಾಟಿ, ಇಡೀ ಊರು ಇಳಿದು, ಸುಣ್ಣದ ಗೂಡಿನ ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಇಷ್ಟು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ. ಜಗಳ ಬಿದ್ದ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ನಮ್ಮಲ್ಲಿ ಅಷ್ಟು ಸಹಜ, ಅದನ್ನು ಪ್ರಶ್ನೆ ಎಂದೇ ಯಾರೂ ತಿಳಿಯುವುದಿಲ್ಲ. ಕೆರಾನಾಗೂ ಹೊಳೆದಿರಲಿಲ್ಲ. ತನ್ನ ತಪ್ಪನ್ನು ತಿರುವಿ ಹಾಕುವುದರಲ್ಲೇ ಅವಳ ರಾತ್ರಿಗಳು ಮುಗಿದಿದ್ದವು.

ಅವಳು ಪೊಥಿತಿಯ ಮನೆಗೆ ಹೋದಳು. ಪೊಥಿತಿ ಅಂಗಳದಲ್ಲಿ ಕೂತು, ಅಡುಗೆಗೆಂದು ಉಪ್ಪು ಹಾಕಿಟ್ಟ ಬಸವನಹುಳುಗಳನ್ನು ತೊಳೆಯುತ್ತಿದ್ದಳು.

"ಅಕ್ಕಾ, ಒಂದು ಕೇಳ್ತೀನಿ, ಬೈಬೇಡ. ಆ ಸಂಜೆ ನಿಮ್ಮಣ್ಣ ನಿನ್ನ ಬಾಗಿಲಿಗೆ ಬಂದಿದ್ನಾ?"

ಪೊಥಿತಿಯ ಕೈ ನೀರಿನಲ್ಲೇ ನಿಂತಿತು. "ಇಲ್ಲ," ಎಂದಳು. "ನಾನು ಹೊಸಿಲ ಮೇಲೇ ಕೂತಿದ್ದೆ, ನನ್ನ ಕೂಸಿಗೆ ಹಾಲು ಕುಡಿಸ್ತಾ. ಅವನು ಮುಂದೇನೇ ಹಾದುಹೋದ. ತಿರುಗಿ ನೋಡ್ಲಿಲ್ಲ. ಅವನೇ ಕೇಳ್ಲಿ ಅಂತ ನಾನೂ ಸುಮ್ಮನಿದ್ದೆ. ಒಂದು ಮಾತು, ಕೊಡೋ ಇಲ್ಲಿ ಅಂತ ಒಂದೇ ಮಾತು, ನನ್ನ ಬಾಯಿಂದ ಬರ್ಲಿಲ್ಲ ಕಣೇ," ಎಂದು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಕೆರಾನಾ ಅವಳ ಪಕ್ಕ ಕೂತು ಉಳಿದ ಬಸವನಹುಳುಗಳನ್ನು ತೊಳೆದುಕೊಟ್ಟಳು.

ಅಲ್ಲಿಂದ ನೇರ ಫೋಕಾಸನ ದ್ರಾಕ್ಷಿ ತೋಟಕ್ಕೆ ಹೋದಳು. ದ್ರಾಕ್ಷಿ ಆಗಲೇ ಬಣ್ಣ ತಿರುಗುತ್ತಿತ್ತು. ಫೋಕಾಸ್ ಎತ್ತರದ ಆಳು, ಹೆಂಡತಿ ಹೋದ ಮೇಲೆ ಮತ್ತೆ ಮದುವೆಯಾಗದೆ ಒಳಗೊಳಗೇ ಕೊರಗಿ ಒಣಗಿದವನು. ಇವಳನ್ನು ನೋಡಿ ಗುದ್ದಲಿಯನ್ನು ನೆಲಕ್ಕೆ ಊರಿದ.

"ಏನು, ಕಾಲಿಗೆ ಬೀಳೋಕೆ ಬಂದ್ಯಾ?"

"ಇಲ್ಲ ಫೋಕಾಸಣ್ಣ, ಎದುರಿಗೆ ನಿಂತು ಮಾತಾಡೋಕೆ ಬಂದೆ. ಮೊದಲು ನನ್ನದು ಹೇಳ್ತೀನಿ. ಆ ಸಂಜೆ ನೀನು ಬಡಿದದ್ದು ಕೇಳಿಸ್ತು. ಅಳೋದು ಗೆಲ್ಲೊ ಅಲ್ಲ, ನಿನ್ನ ಕೂಸು ಅಂತ ನನಗೆ ಗೊತ್ತಿತ್ತು. ಹಾಲು ಹೊಟ್ಟೆ ಮೇಲೆ ಹರೀತಿತ್ತು. ಹೆದರಿ ಏಳ್ಲಿಲ್ಲ. ಇದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತಿದೀನಿ."

ಫೋಕಾಸನ ಮುಖ ಕೆಂಪಗಾಯಿತು. "ಗೊತ್ತಿತ್ತಾ? ಗೊತ್ತಿದ್ದೂ... ನಿನ್ನನ್ನ ಗೋಡೆ ಮೇಲಲ್ಲ, ನಿಜವಾಗ್ಲೂ ಹಾವಿಗೆ ಹಾಕ್ಬೇಕು."

"ಹಾಕ್ಲಿ, ದೇವರು ಹಾಕಿದ್ರೆ ಬೇಡ ಅನ್ನಲ್ಲ. ಈಗ ನಿನ್ನದು ಹೇಳು. ಯಾರ ಬಾಗಿಲು ದಾಟಿ ನನ್ನ ಬಾಗಿಲಿಗೆ ಬಂದೆ?"

ಅವನು ಗುದ್ದಲಿಯ ಹಿಡಿ ಬಿಗಿಹಿಡಿದ.

"ಪಕ್ಕದ ಮನೇಲಿ ಹಾಲಿತ್ತು. ಹೊಸಿಲ ಮೇಲೇ ಕೂತಿದ್ಲು ನಿನ್ನ ತಂಗಿ. ಆಗಿನ್ನೂ ಬಿಸಿಲಿತ್ತು."

"ಬಾಯಿ ಮುಚ್ಚು."

"ಎರಡು ಸಾಲು ಮಣ್ಣು ಫೋಕಾಸಣ್ಣ. ಆ ಎರಡು ಸಾಲು ನಿನ್ನ ತಲೆ ಎತ್ತೋಕೆ ಬಿಡ್ಲಿಲ್ಲ."

ಅವನು ಗುದ್ದಲಿ ಎತ್ತಿದ. ಹೊಡೆದೇಬಿಟ್ಟ ಎಂದು ಅವಳಿಗೆ ಅನ್ನಿಸಿತು, ಆದರೂ ಕಾಲು ಕದಲಿಸಲಿಲ್ಲ. ಗುದ್ದಲಿ ಬಳ್ಳಿಯ ಬುಡಕ್ಕೆ ಬಿತ್ತು. ಅವನು ಅದರ ಹಿಡಿಯ ಮೇಲೆ ಭಾರ ಬಿಟ್ಟು ನಿಂತ.

"ಊರಿಗೆಲ್ಲ ಸಾರಿ ಬಾ ಹೋಗು," ಎಂದ.

"ಸಾರಲ್ಲ. ಚಿತ್ರಗಾರನಿಗೂ ಹೇಳಲ್ಲ. ಹಾವಿನೋಳ ಪಕ್ಕದ ಚೌಕ ಯಾರದು ಅಂತ ಹೋಗಿ ನೋಡು, ಅಷ್ಟೆ. ಪ್ರತಿ ಭಾನುವಾರ ಅವರಿಬ್ಬರ ಮುಂದೆ ನೀನೂ ನಿಲ್ತೀಯ, ನಾನೂ ನಿಲ್ತೀನಿ. ನಮ್ಮ ಪಾಪ ನಮಗಿರಲಿ. ನನ್ನ ಮಗಳು ಆ ಸಂಜೆ ತೊಟ್ಟಿಲಲ್ಲಿದ್ಲು ಕಣಣ್ಣ. ಅವಳ ತಾಯಿ ಕಣ್ಣನ್ನ ಊರ ಹುಡುಗರು ಮೊಳೇಲಿ ಕೆರೆಯೋದನ್ನ ಅವಳು ಯಾಕೆ ನೋಡ್ಬೇಕು?"

ಹೇಳಬೇಕಾದ್ದು ಮುಗಿದಿತ್ತು. ತಿರುಗಿ ನಡೆದಳು. ಹಿಂದಿನಿಂದ ಗುದ್ದಲಿಯ ಸದ್ದು ಮತ್ತೆ ಕೇಳಿಸಲಿಲ್ಲ.

ನರಕ ಬರೆಯುವ ದಿನ ನಿಕಿತಾಸ್ ಬೆಳಕು ಹರಿಯುವಾಗಲೇ ಗಾರೆ ಹಚ್ಚಿದ. ಅಂದು ಹಚ್ಚಿದ್ದರ ಮೇಲೆ ಅಂದೇ ಬರೆಯಬೇಕು, ಒಣಗಿದ ಮೇಲೆ ಬಣ್ಣ ಹೀರುವುದಿಲ್ಲ, ಹೀರಿದ ಮೇಲೆ ಅಳಿಸಲು ಬರುವುದಿಲ್ಲ. ಆ ಗಾರೆ ಕಲಸಿಕೊಟ್ಟವಳು ಕೆರಾನಾ. ಅದರ ಮೇಲೆ ತನ್ನ ತೋಳೇ ಬರಬಹುದೆಂದು ಅವಳಿಗೆ ಗೊತ್ತಿತ್ತು. ಆದರೂ ಗಂಟು ಬಿಡಲಿಲ್ಲ.

ಬಿಸಿಲೇರುವ ಹೊತ್ತಿಗೆ ಜನ ಸೇರಿದರು. ಮರೂಲಾ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಬೆಂಕಿಯ ಹೊಳೆ ಬಂತು, ಗೊರಕೆ ಹೊಡೆದು ಪೂಜೆ ತಪ್ಪಿಸಿದ ಸೋಮಾರಿ ಬಂದ, ಕಳ್ಳ ಬಂದ, ನೇಗಿಲಿನವನು ಬಂದ. ಕೊನೆಗೆ ಅವಳು. ನಿಕಿತಾಸ್ ಮೈ ಬರೆದ, ಹಾವು ಬರೆದ, ಬಿಳಿಯ ಬಣ್ಣದ ಬಟ್ಟಲು ಹತ್ತಿರ ಎಳೆದುಕೊಂಡು ಹಿಂದೆ ತಿರುಗಿದ. ಫೋಕಾಸ್ ಬಾಗಿಲಲ್ಲಿ ನಿಂತಿದ್ದ.

"ತೋಳು ಹೇಗಣ್ಣ?" ಎಂದು ನಿಕಿತಾಸ್ ಕೇಳಿದ.

ಫೋಕಾಸ್ ಒಳಗೆ ಬಂದ. ನೇಗಿಲಿನವನನ್ನು ನೋಡಿದ, ಬಹಳ ಹೊತ್ತು ನೋಡಿದ. ಹಾವಿನವಳನ್ನು ನೋಡಿದ.

"ತೋಳು ತೋಳಿನ ಹಾಗೆ ಇರ್ಲಿ," ಎಂದ.

"ಬಿಳೀ ಬೇಡ್ವಾ?"

"ಬೇಡ ಅಂದ್ನಲ್ಲ! ಕಿವಿ ಕೇಳಲ್ವಾ ನಿನಗೆ?" ಎಂದು ಗದರಿ, ಅದೇ ಬಿರುಸಿನಲ್ಲಿ ಆಚೆ ಹೋದ. ಮರೂಲಾ ಬಾಯಿ ತೆರೆದವಳು, ಕೆರಾನಾಳ ಮುಖ ನೋಡಿ ಮುಚ್ಚಿಕೊಂಡಳು. ಅವಳ ಬಾಯಿ ತಾನಾಗಿ ಮುಚ್ಚಿದ್ದನ್ನು ನಾವು ಕಂಡದ್ದು ಅದೊಂದೇ ಸಲ.

ನಿಕಿತಾಸ್ ಬಿಳಿಯ ಬಟ್ಟಲನ್ನು ದೂರ ಸರಿಸಿ ಮುಖ ಬರೆಯಲು ಕುಂಚ ಎತ್ತಿದ. ಅವಳ ಮುಖವನ್ನು ಎಲ್ಲ ಊರಿನಲ್ಲೂ ಒಂದೇ ತರ ಬರೆಯುತ್ತಾರೆ, ಕೂಸಿಗೆ ಬೆನ್ನು ಹಾಕಿ ಆಚೆ ತಿರುಗಿದ ಮುಖ. ಅಷ್ಟರಲ್ಲಿ ಕೆರಾನಾ ಅವನ ಪಕ್ಕಕ್ಕೆ ಬಂದಳು.

"ಅಣ್ಣಾ, ಅವಳ ಮುಖ ಈ ಕಡೆ ತಿರುಗಿಸು. ಬಾಗಿಲ ಕಡೆ."

"ಆಗ ಅವಳು ಮುಖ ತಿರುಗಿಸಿದೋಳು ಹೇಗಾಗ್ತಾಳೆ?"

"ಅವಳಿಗೆ ಕೇಳಿಸ್ತಿತ್ತು. ಕೇಳಿಸಿಯೇ ಕೂತಿದ್ಲು. ಹಾವಿಗಿಂತ ಅದೇ ಹೆಚ್ಚು ಕಚ್ಚೋದು. ಹಾಗೇ ಬರಿ."

ನಿಕಿತಾಸ್ ಅವಳನ್ನೊಮ್ಮೆ ನೋಡಿ, ಗಾರೆ ಒಣಗುವ ಮೊದಲು ಹಾಗೆಯೇ ಬರೆದ. ನಮ್ಮ ಇಗರ್ಜಿಯಲ್ಲಿ ಆ ಹೆಂಗಸು ಇವತ್ತಿಗೂ ಹಾಗೇ ಇದ್ದಾಳೆ. ಗುರುತಿಲ್ಲದ ತೋಳು, ಎದೆಯಲ್ಲಿ ಹಾವು, ಬಾಗಿಲಿನ ಕಡೆ ಕಿವಿಗೊಟ್ಟ ಮುಖ. ಹುಡುಗರು ಕಳ್ಳನ ಕಣ್ಣು ಕೆರೆದರು, ಸೋಮಾರಿಯ ಕಣ್ಣು ಕೆರೆದರು. ಬಾಗಿಲಿಂದ ಬಂದ ತಮ್ಮನ್ನೇ ಇವಳು ನೇರ ನೋಡುತ್ತಾಳೆಂದೋ ಏನೋ, ಇವಳ ಹತ್ತಿರ ಯಾರೂ ಮೊಳೆ ತರಲಿಲ್ಲ.

ಆ ಸಲದ ಉಳುಮೆಯಲ್ಲಿ ಫೋಕಾಸನ ನೇಗಿಲು ಎರಡು ಸಾಲು ಈಚೆಗೇ ತಿರುಗಿತು. ಅದರ ಬಗ್ಗೆ ಅವನೂ ಮಾತಾಡಲಿಲ್ಲ, ಪೊಥಿತಿಯೂ ಮಾತಾಡಲಿಲ್ಲ. ಕ್ರಿಸ್‌ಮಸ್ಸಿಗೆ ಮಾತ್ರ ತಂಗಿಯ ಮನೆಯಿಂದ ಅಣ್ಣನ ಮನೆಗೆ ಒಂದು ರೊಟ್ಟಿ ಹೋಯಿತು.

ಕೆರಾನಾ ತನ್ನ ಮಾತಿನಂತೆ ಪ್ರತಿ ಭಾನುವಾರ ಪಡುವಣ ಗೋಡೆಯ ಹತ್ತಿರವೇ ನಿಂತಳು. ಗೂಡು ಉರಿಸಿದಳು, ಅತ್ತೆಯನ್ನು ಮಣ್ಣು ಮಾಡಿದಳು, ಮಗಳನ್ನು ಪೊಥಿತಿಯ ಮಗನಿಗೇ ಕೊಟ್ಟಳು. ಮದುವೆಯಲ್ಲಿ ಫೋಕಾಸ್ ಎರಡು ಪೀಪಾಯಿ ವೈನು ಇಳಿಸಿ, ಒಂದು ಮಾತೂ ಆಡದೆ ಮೂಲೆಯಲ್ಲಿ ಕೂತು ಕುಡಿದ. ಬಾಣಂತಿಯ ಮನೆಯ ಕಟ್ಟಳೆ ಊರಿನಲ್ಲಿ ಹಾಗೇ ಉಳಿಯಿತು. ಯಾರೂ ಬದಲಾಯಿಸಲಿಲ್ಲ, ಬದಲಾಯಿಸಿ ಎಂದು ಅವಳೂ ಯಾರಿಗೂ ಹೇಳಲಿಲ್ಲ.

ಅನೂಸಾ ಹೆರಿಗೆಗೆ ತಾಯಿಯ ಮನೆಗೆ ಬಂದಳು. ಗಂಡು ಕೂಸು. ನಲವತ್ತು ದಿನ ತುಂಬಲು ಇನ್ನೂ ಬಹಳ ಬಾಕಿಯಿದ್ದ ಒಂದು ಸಂಜೆ, ಬೆಟ್ಟದಾಚೆ ಸೂರ್ಯ ಇಳಿದು, ಕೆರಾನಾ ಅಗುಳಿ ಹಾಕಿ ಒಲೆಯ ಹತ್ತಿರ ಕೂತಿದ್ದಳು. ಬಾಗಿಲು ಬಡಿಯಿತು. ಗೊತ್ತಿಲ್ಲದ ಹೆಂಗಸಿನ ದನಿ ತಾಯಿಯಿಲ್ಲದ ಕೂಸಿಗೆ ಹಾಲು ಕೇಳುತ್ತಿತ್ತು, ಮಾತಿನಲ್ಲಿ ಬೆಟ್ಟದಾಚೆಯವರ ಎಳೆತ. ಅವಳ ಮಾತಿನ ಹಿಂದೆ ತೀರ ಎಳೆಯ ಕೂಸಿನ ಅಳು.

ಕೆರಾನಾ ಎದ್ದಳು. ಮಂಡಿ ಹಿಡಿದುಕೊಂಡಿತ್ತು, ಗೋಡೆ ಹಿಡಿದು ಬಾಗಿಲಿಗೆ ನಡೆದಳು. ಬಿಳಿಯ ತೋಳನ್ನು ಅಗುಳಿಯ ಮೇಲಿಟ್ಟಳು.

"ಅಮ್ಮಾ!" ಅನೂಸಾ ತನ್ನ ಕೂಸನ್ನು ಎದೆಗೆ ಅವುಚಿಕೊಂಡು ಹಾಸಿಗೆಯಲ್ಲೇ ಗೋಡೆಗೆ ಒರಗಿದಳು. "ಹೊತ್ತು ಮುಳುಗಿದೆ ಅಮ್ಮಾ. ತೆಗೀಬೇಡ. ಗೆಲ್ಲೊ ಆಗಿದ್ರೆ?"

"ಆಗಿದ್ರೆ ಅದಕ್ಕೂ ಹಸಿವಾಗಿರುತ್ತೆ," ಎಂದು ಕೆರಾನಾ ಅಗುಳಿ ಎತ್ತಿದಳು. "ಎದ್ದು ಕೂತ್ಕೋ ಮಗಳೇ."